ಗುರುಶಾಂತಪ್ಪನವರ ಬಲಗಾಲು

ಎರಡನೇ ಸಲ ಬ್ರೇಕ್ ಪ್ಯಾಡ್ ಸವೆದು ಹೋದಾಗ ಪಿಕಪ್ ಗಾಡಿ ಕೊಂಡು ಇನ್ನೂ ಹನ್ನೊಂದು ತಿಂಗಳಾಗಿತ್ತು. ಕನಕಪುರ ರಸ್ತೆಯ ಸರ್ವೀಸ್ ಸೆಂಟರಿನಲ್ಲಿ ಗುರುಶಾಂತಪ್ಪ ಕುರ್ಚಿಯ ಅಂಚಿನಲ್ಲಿ ಕುಳಿತು, ಕೌಂಟರಿನಲ್ಲಿ ಕೊಟ್ಟ, ಗಾಡಿಯ ಕೆಲಸದ ವಿವರವಿದ್ದ ಜಾಬ್ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದುಕೊಂಡಿದ್ದರು. ಅದು ಇಂಗ್ಲಿಷಿನಲ್ಲಿತ್ತು. ಅಕ್ಷರ ಕೂಡಿಸಿ ಓದುವಷ್ಟು ಇಂಗ್ಲಿಷ್ ಅವರಿಗೆ ಬರುತ್ತಿತ್ತು. ಆದರೂ ಪಕ್ಕದಲ್ಲಿದ್ದ ಸೊಸೆಯ ಕೈಗೆ ಕೊಟ್ಟು, "ಕೊನೇ ಸಾಲು ಏನಂತ ನೋಡಮ್ಮ" ಎಂದರು.

ಅಂಜನಾ ಓದಿ ಕಾರ್ಡನ್ನು ಮಡಿಲಿಗೆ ಇಳಿಸಿದಳು.

"ಏನಂತೆ?"

"ಪ್ಯಾಡ್ ಸವೆಯೋಕೆ ಡ್ರೈವರ್ ಅಭ್ಯಾಸ ಕಾರಣ ಅಂತ ಹಾಕಿದಾರೆ ಮಾವ. ಯಾವಾಗ್ಲೂ ಬ್ರೇಕ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಾರೆ ಅಂತ. ಅದಕ್ಕೇ ವಾರಂಟಿ ಬರಲ್ವಂತೆ."

ಗುರುಶಾಂತಪ್ಪ ಕಾರ್ಡನ್ನು ವಾಪಸು ತೆಗೆದುಕೊಂಡು, ಎರಡು ಮಡಿಕೆ ಮಾಡಿ, ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಹೊಸ ಪ್ಯಾಡ್ ಹಾಕಿ ಗಾಡಿ ಹೊರಗೆ ತಂದು ನಿಲ್ಲಿಸಿದಾಗ, ಕೀಲಿಯನ್ನು ಅಂಜನಾಳ ಕಡೆ ಚಾಚಿದರು.

"ನೀನೇ ಓಡ್ಸು."

ಅವರ ಬಾಯಲ್ಲಿ ಆ ಮಾತನ್ನು ಅವಳು ಕೇಳಿದ್ದು ಅದೇ ಮೊದಲು.

ಗುರುಶಾಂತಪ್ಪ ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಬನಶಂಕರಿಯಿಂದ ಮಾರ್ಕೆಟ್ಟಿಗೆ, ಆಮೇಲೆ ಜೆ.ಪಿ. ನಗರದಿಂದ ಮೆಜೆಸ್ಟಿಕ್ಕಿಗೆ. ದೂರದ ಸಿಗ್ನಲ್ ಹಳದಿಯಾಗುವ ಮೊದಲೇ ಗೇರು ಇಳಿಸಿ, ನಿಂತಿರುವವರು ಕಂಬಿ ಹಿಡಿದುಕೊಳ್ಳುವ ಅಗತ್ಯವಿಲ್ಲದಂತೆ ಬಸ್ಸು ನಿಲ್ಲಿಸುವುದು ಅವರ ರೀತಿ. ಮೊಸರು ಮಾರುತ್ತಿದ್ದ ಒಬ್ಬ ಹೆಂಗಸು ಬನಶಂಕರಿ ಸ್ಟಾಪಿನಲ್ಲಿ ಬೇರೆ ಎರಡು ಬಸ್ಸು ಬಿಟ್ಟು ಇವರ ಬಸ್ಸಿಗೇ ಕಾಯುತ್ತಿದ್ದಳು, ಪಾತ್ರೆ ತುಳುಕುವುದಿಲ್ಲವೆಂದು. ಮನೆಯಲ್ಲಿ ಈ ಕಥೆಯನ್ನು ಅವರಿಗಿಂತ ಹೆಚ್ಚಾಗಿ ಅವರ ಹೆಂಡತಿ ಸಿದ್ದಗಂಗಮ್ಮ ಹೇಳುತ್ತಿದ್ದರು.

ಮಗ ಶರಣ್ ಜೆ.ಪಿ. ನಗರದ ಒಂದು ಆಸ್ಪತ್ರೆಯಲ್ಲಿ ನರ್ಸ್. ರೋಗಿಗಳನ್ನು ಮನೆಗೆ ಕಳಿಸುವ ಹೊತ್ತಿಗೆ ಅವರ ಕಡೆಯವರು, "ತಲೆ ಹತ್ರ ಎತ್ತರ ಮಾಡೋ ಮಂಚ ಎಲ್ಲಿ ಬಾಡಿಗೆಗೆ ಸಿಗುತ್ತೆ ಬ್ರದರ್?" ಎಂದು ಕೇಳುವುದನ್ನು ಅವನು ಬಂದು ಹೇಳುತ್ತಿದ್ದ. ಕೇಳಿ ಕೇಳಿ ಅಂಜನಾಗೆ ಅದೇ ಒಂದು ಕೆಲಸವಾಗಿ ಕಂಡಿತು. ಇಟ್ಟಮಡುವಿನ ಮನೆಯ ಮುಂದಿನ ಕೋಣೆ ಖಾಲಿ ಮಾಡಿಸಿ, ಆಸ್ಪತ್ರೆ ಮಂಚ, ವೀಲ್‌ಚೇರ್, ವಾಕರ್, ಆಕ್ಸಿಜನ್ ಮೆಷಿನ್ ತಂದಿಟ್ಟಳು. ಬೇಡಿಕೆ ಹೆಚ್ಚಾದಾಗ ಪಿಕಪ್ ಕೊಂಡರು. ಗಾಡಿ ಮನೆ ಮುಂದೆ ಬಂದ ದಿನ, ಬೆಳಗಿನ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಬಂದ ಗುರುಶಾಂತಪ್ಪ ಬಾನೆಟ್ಟಿಗೂ ಮೂರು ಬೆರಳು ವಿಭೂತಿ ಎಳೆದು, ಯಾರೂ ಕೇಳದೆಯೇ ಡ್ರೈವರ್ ಸೀಟಿನಲ್ಲಿ ಕುಳಿತರು. ನಿವೃತ್ತಿಯಾದ ಐದು ವರ್ಷಗಳಲ್ಲಿ ಅವರು ಅಷ್ಟು ನೆಟ್ಟಗೆ ಕುಳಿತದ್ದನ್ನು ಮನೆಯವರು ನೋಡಿರಲಿಲ್ಲ.

ಅಂಜನಾಗೂ ಡ್ರೈವಿಂಗ್ ಬರುತ್ತಿತ್ತು. ಕಲಿಸಿದ್ದೂ ಮಾವನೇ. ಆದರೆ ಫೋನು, ಬುಕಿಂಗು, ಮಂಚಗಳನ್ನು ತೊಳೆದು ಸಿದ್ಧಪಡಿಸುವುದು ಅವಳ ಪಾಲಿಗೆ, ಗಾಡಿ ಅವರ ಪಾಲಿಗೆ ಎಂದು ತಾನಾಗಿಯೇ ಹಂಚಿಕೆಯಾಗಿತ್ತು. ಮಂಚ ಹೊರಲು ಹನಮಂತ ಎಂಬಾತ ಬರುತ್ತಿದ್ದ.

ಸರ್ವೀಸ್ ಸೆಂಟರಿನಿಂದ ಬಂದ ಮಾರನೆಯ ದಿನ ಗುರುಶಾಂತಪ್ಪ ಗಾಡಿಯ ಹತ್ತಿರ ಹೋಗಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅಂಜನಾ ಕೇಳಿದರೆ, "ನಿಂಗೂ ಕೈ ಪಳಗಬೇಕಲ್ಲ" ಎಂದರು. ಕತ್ರಿಗುಪ್ಪೆಯವರೆಗೆ ನಡೆದು ಹೋಗಿ ಪೇಪರ್ ತಂದು, ಜಗಲಿಯ ಮೇಲೆ ಕುಳಿತು, ಜಾಹೀರಾತನ್ನೂ ಬಿಡದೆ ಓದುತ್ತಿದ್ದರು.

ಒಂದು ಮಧ್ಯಾಹ್ನ ಸಿದ್ದಗಂಗಮ್ಮ ಸೊಸೆಯನ್ನು ಅಡುಗೆಮನೆಗೆ ಕರೆದರು.

"ನಿಮ್ಮಾವ ಕುರ್ಚಿ ಮೇಲೆ ಕೂತ್ಕೊಂಡು ನೆಲ ಒತ್ತುತಾ ಇರ್ತಾರೆ ಕಣೆ. ಬಲಗಾಲಲ್ಲಿ. ಒತ್ತೋದು, ಎತ್ತೋದು. ನಾನು ನೋಡ್ದೆ ಅಂದ ತಕ್ಷಣ ಪೇಪರ್ ತಗೋತಾರೆ."

"ಬ್ರೇಕ್ ನೆನಪಿಗೆ ಬರ್ತಿರುತ್ತೇನೋ ಅತ್ತೆ."

"ಮೂವತ್ತೊಂದು ವರ್ಷ ಕಾಲಿನ ಬಗ್ಗೆ ಯೋಚ್ನೆ ಮಾಡ್ದೋರಲ್ಲ. ಆ ಕಾಗದ ಇನ್ನೂ ಜೇಬಲ್ಲೇ ಇದೆ. ಅಂಗಿ ಒಗೆಯಕ್ಕೆ ಹಾಕುವಾಗ ತೆಗ್ದಿಟ್ಕೋತಾರೆ, ಬೇರೆ ಅಂಗಿ ಹಾಕ್ಕೊಂಡ ಮೇಲೆ ಅದ್ರೊಳಗೆ ಇಡ್ತಾರೆ."

ಅಂಜನಾಗೆ ಅಂದು ಊಟ ಸೇರಲಿಲ್ಲ. ಆ ಸಾಲನ್ನು ಓದಿ ಹೇಳಿದ್ದು ತಾನೇ ಎಂಬುದು ಅವಳನ್ನು ಕೊರೆಯುತ್ತಿತ್ತು. ಸ್ವಲ್ಪ ಮೆತ್ತಗೆ ಹೇಳಬಹುದಿತ್ತು. ಹೇಳದೆಯೂ ಇರಬಹುದಿತ್ತು.

ಗಾಡಿಯನ್ನು ಅವಳೇ ಓಡಿಸತೊಡಗಿ ಹತ್ತು ವಾರವಾಗಿತ್ತು. ಒಂದು ಬೆಳಿಗ್ಗೆ ಜೆ.ಪಿ. ನಗರ ಆರನೇ ಹಂತದಲ್ಲಿ ಮಂಚ ಇಳಿಸಿ ಹೊರಟಾಗ ಸುಟ್ಟ ವಾಸನೆ ಬಂತು. ಬೇರೆ ಯಾವುದೋ ಗಾಡಿಯದಿರಬೇಕೆಂದು ಸಾರಕ್ಕಿ ಸಿಗ್ನಲ್ಲಿನವರೆಗೆ ಬಂದಳು. ಅಲ್ಲಿ ಬ್ರೇಕ್ ಒತ್ತಿದಾಗ ಎಡಗಡೆಯಿಂದ ಕಬ್ಬಿಣ ಉಜ್ಜಿದಂಥ ಸಣ್ಣ ಕಿರುಗುಟ್ಟುವಿಕೆ ಕೇಳಿಸಿತು. ಹಿಂದೆ ಎರಡು ಸಲವೂ ಮಾವ ಹೇಳಿದ್ದು ಇದೇ ಸದ್ದು. ಅವಳಿಗೆ ಗಾಬರಿಯ ಜೊತೆಗೇ, ಯಾರಿಗೂ ಹೇಳಿಕೊಳ್ಳಲಾಗದ ಒಂದು ಸಂತೋಷವೂ ಆಯಿತು. ಈ ಹತ್ತು ವಾರ ಬ್ರೇಕಿನ ಮೇಲಿದ್ದದ್ದು ಮಾವನ ಕಾಲಲ್ಲ, ತನ್ನದು.

ಹೊರಗಿನ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿಸಿದರೆ ಇರುವ ವಾರಂಟಿಯೂ ಹೋಗುತ್ತದೆಂದು ಸರ್ವೀಸ್ ಸೆಂಟರಿನವರು ಮೊದಲೇ ಎಚ್ಚರಿಸಿದ್ದರು. ಅಂಜನಾ ಯೋಚಿಸಿ, ಮನೆಗೆ ಹೇಳದೆ, ಮರುಳಸಿದ್ದಪ್ಪನವರಿಗೆ ಫೋನ್ ಮಾಡಿದಳು. ಅವರು ಮಾವನ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಈಗ ಬಿಳೇಕಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದರು.

"ಬಾಮ್ಮ, ಬಾ" ಎಂದರು ಅವರು. "ಆದ್ರೆ ನಮ್ಮ ರಸ್ತೆಗೆ ತಿರುಗೋಕೆ ಒಂದು ಕಿಲೋಮೀಟರ್ ಮುಂಚಿಂದ ಬ್ರೇಕ್ ಜಾಸ್ತಿ ಮುಟ್ಟಬೇಡ. ಗೇರ್ ಇಳಿಸ್ಕೊಂಡು ನಿಧಾನಕ್ಕೆ ಬಾ. ಯಾಕೆ ಅಂತ ಬಂದ್ಮೇಲೆ ಹೇಳ್ತೀನಿ."

ಅವಳು ಹಾಗೆಯೇ ಹೋದಳು. ಮರುಳಸಿದ್ದಪ್ಪ ಗೇಟಿನ ಬಳಿ ಒಂದು ಚೊಂಬು ನೀರು ಹಿಡಿದು ನಿಂತಿದ್ದರು. ಕಾಲು ಮುಟ್ಟಲು ಬಗ್ಗಿದ ಅವಳನ್ನು, "ಆಮೇಲೆ, ಆಮೇಲೆ, ಚಕ್ರ ಆರೋಗುತ್ತೆ" ಎಂದು ತಡೆದು ನೇರ ಚಕ್ರಗಳ ಬಳಿ ಹೋದರು. ಬಲಗಡೆಯ ಮುಂಚಕ್ರದ ನಡುವಿಗೆ ನಾಲ್ಕು ಹನಿ ನೀರು ಚಿಮುಕಿಸಿದರು. ಹನಿಗಳು ಹಾಗೇ ಕೆಳಗಿಳಿದವು. ಹಿಂದಿನ ಎರಡಕ್ಕೂ ಅಷ್ಟೇ. ಕೊನೆಗೆ ಎಡ ಮುಂಚಕ್ರಕ್ಕೆ ಚಿಮುಕಿಸಿದರು. ಚುಯ್ ಎಂದು ಹಬೆ ಎದ್ದಿತು.

"ಕೇಳಿಸ್ತಾ?"

"ಕೇಳಿಸ್ತು."

"ನೀನು ಬ್ರೇಕ್ ಒತ್ತದೇನೇ ಬಂದೆ. ಆದ್ರೂ ಈ ಚಕ್ರ ಒಂದೇ ಬ್ರೇಕ್ ಹಿಡ್ಕೊಂಡು ಬಂದಿದೆ." ಅವರು ಎರಡು ಅಂಗೈಗಳ ನಡುವೆ ತಮ್ಮ ಕನ್ನಡಕದ ಪೆಟ್ಟಿಗೆಯನ್ನು ಹಿಡಿದು ತೋರಿಸಿದರು. "ಇದು ಡಿಸ್ಕು ಅನ್ಕೋ. ಎರಡೂ ಕೈ ಬ್ರೇಕ್ ಪ್ಯಾಡು. ಪೆಡಲ್ ಒತ್ತಿದ್ರೆ ಎರಡೂ ಅಮುಕಬೇಕು, ಬಿಟ್ರೆ ಎರಡೂ ಬಿಡಬೇಕು. ಇವನ್ನ ಹಿಡ್ಕೊಂಡಿರೋದು ಕ್ಯಾಲಿಪರ್ ಅಂತ, ಅದು ಎರಡು ಪಿನ್ ಮೇಲೆ ಜಾರ್ತಿರುತ್ತೆ. ಪಿನ್ ಜಾಮ್ ಆದ್ರೆ ಒಳಗಡೆ ಕೈ ಬಿಡೋದೇ ಇಲ್ಲ. ಹಗಲೂ ಇರುಳೂ ಉಜ್ಜುತಾ ಇರುತ್ತೆ. ಬಿಚ್ಚಿಸಿ ನೋಡು, ಎಡಗಡೆ ಒಳಗಿನ ಪ್ಯಾಡ್ ಒಂದೇ ಸವೆದಿರುತ್ತೆ. ಕಾಲಿಟ್ಟು ಓಡ್ಸೋರ ಗಾಡೀಲಿ ಹಂಗಾಗಲ್ಲ, ಎರಡೂ ಕಡೆ ಸಮ ಸವೆಯುತ್ತೆ."

"ಇದನ್ನ ನೀವು ನಮ್ಮಾವಂಗೆ ಹೇಳ್ತೀರಾ?"

"ಅವನು ನನ್ನ ಕೇಳ್ಲಿಲ್ವಲ್ಲ" ಎಂದರು ಮರುಳಸಿದ್ದಪ್ಪ. ಕನ್ನಡಕದ ಪೆಟ್ಟಿಗೆಯನ್ನು ಜೇಬಿಗೆ ಹಾಕಿಕೊಂಡು, "ಡಿಪೋಲಿ ಹಾರನ್ ಸರಿಯಿಲ್ಲ ಅಂದ್ರೂ ನನ್ನೇ ಹುಡುಕ್ಕೊಂಡು ಬರೋನು. ಈಗ ಕೇಳ್ಲಿಲ್ಲ ಅಂದ್ರೆ ಏನೋ ಇರುತ್ತೆ. ನೀನು ಜೋರು ಮಾಡ್ಬೇಡ" ಎಂದರು.

ಮರುದಿನ ಅಂಜನಾ ಗಾಡಿಯನ್ನು ಸರ್ವೀಸ್ ಸೆಂಟರಿಗೆ ಒಯ್ದು, ತನ್ನ ಎದುರಿಗೇ ಚಕ್ರ ಬಿಚ್ಚಬೇಕೆಂದು ಹೇಳಿದಳು. ಗ್ರಾಹಕರನ್ನು ಒಳಗೆ ಬಿಡುವುದಿಲ್ಲವೆಂದರು. ಹಾಗಾದರೆ ಗಾಡಿ ಇಲ್ಲೇ ಗೇಟಿನಲ್ಲಿರಲಿ ಎಂದಳು. ಹಿಂದೆ ಮೂರು ಗಾಡಿ ಸಾಲುಗಟ್ಟಿದ ಮೇಲೆ ಬಿಟ್ಟರು. ಆ ಜಾಬ್ ಕಾರ್ಡ್ ಬರೆದ ಕೌಂಟರಿನ ಹುಡುಗಿಯೇ ಜೊತೆಗೆ ಬಂದಳು. ಎದೆಯ ಮೇಲಿನ ಪಟ್ಟಿಯಲ್ಲಿ ಶಿಲ್ಪಶ್ರೀ, ಸರ್ವೀಸ್ ಅಡ್ವೈಸರ್ ಎಂದಿತ್ತು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು.

ಮುಂದಿನ ಎರಡೂ ಚಕ್ರ ಕಳಚಿದರು. ನಾಲ್ಕು ಪ್ಯಾಡುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಮೂರು ದಪ್ಪಗಿದ್ದವು. ಎಡಗಡೆಯ ಒಳಗಿನದು ಮಾತ್ರ ಲೋಹದ ತಗಡಿನವರೆಗೂ ಸವೆದು ಹೊಳೆಯುತ್ತಿತ್ತು. ಶಿಲ್ಪಶ್ರೀ ಬಗ್ಗಿ ನೋಡಿದಳು. ಫೋನ್ ತೆಗೆದು ನಾಲ್ಕೂ ಕಾಣುವ ಹಾಗೆ ಫೋಟೋ ತೆಗೆದಳು. ಅಂಜನಾಳೂ ಒಂದು ತೆಗೆದುಕೊಂಡಳು.

ವರ್ಕ್ಸ್ ಮ್ಯಾನೇಜರ್ ಮಯೂರ್ ಬಂದ. ಮರ್ಯಾದೆಯ ಮನುಷ್ಯ, ಮಾತು ಮಾತ್ರ ಬಾಯಿಪಾಠ ಮಾಡಿದ ಹಾಗಿತ್ತು.

"ಮೇಡಂ, ಬ್ರೇಕ್ ಪ್ಯಾಡ್ ಸವೆಯೋ ಐಟಂ. ವಾರಂಟಿಲಿ ಬರಲ್ಲ. ಬುಕ್ಕಲ್ಲೇ ಇದೆ."

"ಪ್ಯಾಡ್ ಕೇಳ್ತಿಲ್ಲ ಸಾರ್. ಪ್ಯಾಡ್ ತಿಂತಾ ಇರೋ ಕ್ಯಾಲಿಪರ್ ಕೇಳ್ತಿದೀನಿ. ಅದು ಬರುತ್ತಲ್ಲ?"

"ಅದು ಡಿಫೆಕ್ಟ್ ಅಂತ ಪ್ರೂವ್ ಆಗ್ಬೇಕು. ಹೆವಿ ಲೋಡು, ಟ್ರಾಫಿಕ್ಕು, ಡ್ರೈವಿಂಗ್ ಸ್ಟೈಲು, ಎಲ್ಲ ಇರುತ್ತೆ. ಏಜ್ ಆದೋರು ಓಡಿಸ್ತಿದ್ರು ಅಂತ ಹಳೇ ರೆಕಾರ್ಡಲ್ಲಿದೆ. ಈಗ ನೀವು ಹೊಸ ಡ್ರೈವರ್."

"ಗಾಡೀಲಿ ಬ್ರೇಕ್ ಪೆಡಲ್ ಎಷ್ಟಿದೆ ಸಾರ್?"

"ಅಂದ್ರೆ?"

"ಒಂದೇ ತಾನೆ? ನಮ್ಮಾವ ಎಡಗಡೆ ಚಕ್ರದ ಒಳಗಿನ ಪ್ಯಾಡ್ ಒಂದನ್ನೇ ಹುಡುಕಿ ಹೇಗೆ ಒತ್ತಿದ್ರು, ಅದನ್ನ ಸ್ವಲ್ಪ ಹೇಳ್ಕೊಡಿ. ನಾನೂ ಹಂಗೇ ಒತ್ತಿದೀನಂತೆ, ನಂಗೇ ಗೊತ್ತಿಲ್ಲ."

ಬಗ್ಗಿ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ ನಗು ಕಾಣದಂತೆ ಮುಖ ಆ ಕಡೆ ತಿರುಗಿಸಿಕೊಂಡ. ಮಯೂರ್ ಕಂಪನಿಗೆ ಬರೆದು ತಿಳಿಸುತ್ತೇನೆ ಎಂದ. ಉತ್ತರ ಬರಲು ಹನ್ನೆರಡು ದಿನ ಹಿಡಿಯಿತು. ಅಷ್ಟೂ ದಿನ ಅಂಜನಾ ಬಾಡಿಗೆ ಗಾಡಿ ಹಿಡಿದು ಮಂಚ ಸಾಗಿಸಿದಳು.

ಕಂಪನಿಯ ಉತ್ತರ ಹೀಗಿತ್ತು: ಗ್ರಾಹಕರ ಮೇಲಿನ ವಿಶ್ವಾಸದಿಂದ ಕ್ಯಾಲಿಪರನ್ನು ಉಚಿತವಾಗಿ ಬದಲಾಯಿಸಿಕೊಡುತ್ತೇವೆ, ಆದರೆ ಇದರಲ್ಲಿ ತಯಾರಿಕೆಯ ದೋಷವಿದೆಯೆಂದು ಒಪ್ಪಿದಂತಲ್ಲ, ಮುಂದೆ ಯಾವ ದೂರೂ ಇಲ್ಲವೆಂದು ಗ್ರಾಹಕರು ಸಹಿ ಹಾಕಬೇಕು.

ಕಾಗದವನ್ನು ಮನೆಗೆ ತಂದಳು. ಶರಣ್ ಓದಿ, "ಸಿಕ್ತಲ್ಲ, ಸೈನ್ ಮಾಡು. ಸಾಕು ಇದ್ರ ಹಿಂದೆ ತಿರುಗಿದ್ದು" ಎಂದ. ಅವನಿಗೆ ಅಂದು ಎರಡು ಶಿಫ್ಟ್ ಆಗಿತ್ತು.

"ಹಳೇ ಸಾಲು ಹಂಗೇ ಇರುತ್ತಲ್ಲ ಶರಣ್. ಡ್ರೈವರ್ ಅಭ್ಯಾಸ ಅಂತ."

"ಆ ಸಾಲನ್ನ ಯಾರು ಓದ್ತಾರೆ?"

ಅಂಜನಾ ಜಗಲಿಯ ಕಡೆ ನೋಡಿದಳು. ಶರಣ್‌ಗೆ ಅರ್ಥವಾಯಿತು. ಅವನು ಕಾಗದವನ್ನು ಮಡಿಸಿ ಅವಳ ಕೈಗೆ ಕೊಟ್ಟ.

ಅವಳು ಸಹಿ ಹಾಕಲಿಲ್ಲ. ಮಾವನಿಗೆ ಪ್ಯಾಡುಗಳ ಫೋಟೋ ತೋರಿಸಿ, ಮರುಳಸಿದ್ದಪ್ಪನವರ ನೀರಿನ ಚೊಂಬಿನ ವಿಷಯವನ್ನೂ ಹೇಳಿದಳು. ಅವರು ಗೆಲುವಾಗುತ್ತಾರೆಂದು ಅವಳು ಎಣಿಸಿದ್ದಳು. ಅವರು ಫೋಟೋವನ್ನು ಬಹಳ ಹೊತ್ತು ನೋಡಿದರು. "ಹೌದು, ಪಿನ್ನೇ" ಎಂದರು. ಆಮೇಲೆ ಎದ್ದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಅವಳು ತಾರಸಿಯ ಮೇಲೆ ವಾಪಸು ಬಂದ ಮಂಚಗಳ ಹಾಸಿಗೆ ಹೊದಿಕೆಗಳನ್ನು ಒಣಹಾಕುತ್ತಿದ್ದಾಗ ಗುರುಶಾಂತಪ್ಪ ಮೆಟ್ಟಿಲು ಹತ್ತಿ ಬಂದರು. ಒಂದು ಹೊದಿಕೆಯ ತುದಿ ಹಿಡಿದು ಅವಳ ಜೊತೆ ಹಿಂಡಿದರು.

"ಅಂಜನಾ, ಆ ಸಾಲಿಗೋಸ್ಕರ ನೀನು ಜಗಳ ಮಾಡ್ಬೇಡ ಕಣಮ್ಮ."

"ಯಾಕೆ ಮಾವ?"

"ನೀನು ಗೆದ್ರೆ ನಾನು ಸುಳ್ಳು ಹೇಳ್ದಂಗಾಗುತ್ತೆ."

ಅವಳು ಹೊದಿಕೆಯನ್ನು ತಂತಿಯ ಮೇಲೆ ಹಾಕಿ ಅವರ ಕಡೆ ತಿರುಗಿದಳು. ಅವರು ತಮ್ಮ ಬಲಗಾಲನ್ನು ನೋಡುತ್ತಿದ್ದರು.

"ಒಂದು ವರ್ಷದಿಂದ ಪಾದ ಮಂದ ಆಗಿದೆ. ಚಪ್ಪಲಿ ಜಾರಿ ಬಿದ್ರೆ ಗೊತ್ತಾಗಲ್ಲ. ಹತ್ತು ಹೆಜ್ಜೆ ಹೋದ್ಮೇಲೆ ನೋಡ್ಕೋತೀನಿ. ಗಾಡೀಲಿ ಪೆಡಲ್ ಮೇಲೆ ಕಾಲಿದೆಯೋ ಇಲ್ವೋ ಅಂತ ಒಂದೊಂದು ಸಲ ಕಣ್ಣಲ್ಲಿ ನೋಡಿ ತಿಳ್ಕೋತಿದ್ದೆ. ಮೊದಲನೇ ಸಲ ಪ್ಯಾಡ್ ಹೋದಾಗ್ಲೇ ಅನ್ಕೊಂಡೆ, ಇದು ನನ್ನ ಕಾಲೇ ಇರ್ಬೇಕು ಅಂತ. ಅವರು ಬರೆದು ಕೊಟ್ಟಾಗ ಬೇರೆಯವ್ರಿಗೂ ಗೊತ್ತಾಗೋಯ್ತು ಅನ್ನಿಸ್ತು. ಅದಕ್ಕೇ ಮರುಳಸಿದ್ದನ್ನೂ ಕೇಳ್ಲಿಲ್ಲ. ಅವನು ಕಾಲು ತೋರ್ಸು ಅಂತಾನೆ."

"ಅತ್ತೆಗೆ ಹೇಳಿದ್ರಾ?"

"ಹೇಳಿದ್ರೆ ಗಾಡಿ ಮುಟ್ಟಕ್ಕೆ ಬಿಡ್ತಾಳಾ?"

ಅವಳಿಗೆ ಸಿಟ್ಟು ಬರಬೇಕಿತ್ತು. ಅದೇ ಗಾಡಿಯಲ್ಲಿ ಹನಮಂತ ಕೂರುತ್ತಿದ್ದ, ಎಷ್ಟೋ ಸಲ ಅವಳೂ ಕೂತಿದ್ದಳು, ರಸ್ತೆಯ ತುಂಬ ಜನ. ಅದನ್ನು ಹೇಳಲು ಬಾಯಿ ತೆರೆದಳು. ಆದರೆ ಅದಷ್ಟನ್ನೂ ಅವರು ಈಗಾಗಲೇ ತಮಗೆ ತಾವೇ ಹೇಳಿಕೊಂಡಿದ್ದಾರೆಂಬುದು ಅವರು ನಿಂತಿದ್ದ ರೀತಿಯಲ್ಲೇ ತಿಳಿಯುತ್ತಿತ್ತು.

"ಮಾವ, ಎರಡು ವಿಷ್ಯ ಬೇರೆ ಬೇರೆ" ಎಂದಳು. "ಪ್ಯಾಡ್ ತಿಂದಿದ್ದು ಪಿನ್ನು. ಅದು ನಿಮ್ಮ ಮೇಲೆ ಬರಕೂಡ್ದು. ಕಾಲಿಗೆ ಡಾಕ್ಟರ್ ಹತ್ರ ಹೋಗೋಣ. ಅದನ್ನ ಮುಚ್ಚಿಡಕೂಡ್ದು. ಒಂದು ನಿಜ ಹೇಳಕ್ಕೆ ಇನ್ನೊಂದು ಬಿಡ್ಬೇಕಾಗಿಲ್ಲ."

ಗುರುಶಾಂತಪ್ಪ ತಂತಿಯ ಮೇಲಿನ ಹೊದಿಕೆಯ ಸುಕ್ಕನ್ನು ಕೈಯಿಂದ ಎಳೆದು ಸರಿಮಾಡಿದರು. "ಶರಣಂಗೆ ನೀನೇ ಹೇಳು" ಎಂದು ಕೆಳಗಿಳಿದರು.

ಶರಣ್ ತನ್ನ ಆಸ್ಪತ್ರೆಯಲ್ಲೇ ತೋರಿಸಿದ. ಡಾಕ್ಟರು ಗುರುಶಾಂತಪ್ಪನವರನ್ನು ಮಲಗಿಸಿ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಮೀನು ಹಿಡಿಯುವ ದಾರದಂಥ ಒಂದು ನೈಲಾನ್ ಎಳೆಯನ್ನು ಪಾದದ ಅಲ್ಲಲ್ಲಿ ತಾಕಿಸಿದರು. ತಾಕಿದ್ದು ಗೊತ್ತಾದರೆ ಹೂಂ ಅನ್ನಬೇಕು. ಎಡಪಾದಕ್ಕೆ ಹತ್ತು ಸಲ ತಾಕಿಸಿದಾಗ ಒಂಬತ್ತು ಹೂಂ ಬಂತು. ಬಲಪಾದಕ್ಕೆ ತಾಕಿಸತೊಡಗಿದರು. ಮೊದಲು ಒಂದು ಹೂಂ. ಆಮೇಲೆ ಇಲ್ಲ. ಎಳೆ ಹೆಬ್ಬೆರಳಿನ ಬುಡದಲ್ಲಿ ಬಾಗಿ ನಿಂತಿತ್ತು. ಗುರುಶಾಂತಪ್ಪ ಕಣ್ಣು ಮುಚ್ಚಿಕೊಂಡು, ಮುಂದಿನ ಸ್ಟಾಪಿನ ಗಂಟೆಗೆ ಕಿವಿಗೊಟ್ಟವರಂತೆ ಕಾಯುತ್ತಿದ್ದರು. ಶರಣ್ ಇಂಥ ಪರೀಕ್ಷೆಯನ್ನು ನೂರಾರು ಜನಕ್ಕೆ ಮಾಡಿದ್ದವನು. ಅವನು ಗೋಡೆಯ ಕಡೆ ತಿರುಗಿ ನಿಂತ. ಅಂಜನಾ ಮಾವನ ಕೈಮೇಲೆ ಕೈಯಿಟ್ಟಳು.

"ಹೂಂ" ಎಂದರು ಅವರು, ಕೈಗೆ ತಾಕಿದ್ದನ್ನೇ ಕಾಲಿಗೆಂದುಕೊಂಡು.

ಡಾಕ್ಟರು ನಕ್ಕರು, ಆಮೇಲೆ ಮೂವರೂ ನಕ್ಕರು. ಬಹಳ ವರ್ಷದ ಸಕ್ಕರೆ ಕಾಯಿಲೆಯಿಂದ ನರ ಮಂದವಾಗಿದೆ, ಇನ್ನೂ ಹೆಚ್ಚಾಗದಂತೆ ನೋಡಿಕೊಳ್ಳಬಹುದು, ಗಾಡಿ ಓಡಿಸುವುದು ಬೇಡ ಎಂದು ಡಾಕ್ಟರು ಹೇಳಿದರು. ಮನೆಗೆ ಬಂದ ಮೇಲೆ ಸಿದ್ದಗಂಗಮ್ಮ ಬೈಯಲಿಲ್ಲ. ಬೆಚ್ಚನೆ ನೀರಿನ ಬೋಗುಣಿ ತಂದು ಗಂಡನ ಮುಂದಿಟ್ಟು, ನೀರಿನ ಬಿಸಿಯನ್ನು ಮೊದಲು ತಮ್ಮ ಕೈಯಿಂದ ನೋಡಿದರು. "ಇನ್ಮೇಲೆ ಬಿಸಿ ಎಷ್ಟಿದೆ ಅಂತ ನಾನು ನೋಡ್ತೀನಿ, ನೀವು ಕಾಲಿಡಿ" ಎಂದರು.

ಎರಡು ದಿನ ಬಿಟ್ಟು ಸರ್ವೀಸ್ ಸೆಂಟರಿಗೆ ಹೊರಟಾಗ ಗುರುಶಾಂತಪ್ಪನವರೂ ಬಂದರು. ಅಲ್ಲಿ ಏನೂ ಮಾತಾಡಬೇಡಿ ಎಂದು ಹೇಳಬೇಕೆಂದು ಅಂಜನಾಗೆ ದಾರಿಯುದ್ದಕ್ಕೂ ಅನ್ನಿಸುತ್ತಿತ್ತು, ಹೇಳಲಿಲ್ಲ.

ಮಯೂರ್ ಕಾಗದ ಮುಂದಿಟ್ಟ. ಗುರುಶಾಂತಪ್ಪ ಜೇಬಿನಿಂದ ಆ ಜಾಬ್ ಕಾರ್ಡ್ ತೆಗೆದು ಪಕ್ಕಕ್ಕಿಟ್ಟರು. ಮಡಿಕೆಯ ಗೆರೆಗಳಲ್ಲಿ ಅದು ಹರಿಯತೊಡಗಿತ್ತು.

"ಸಾರ್, ನನ್ನ ಬಲಗಾಲಿಗೆ ಸ್ಪರ್ಶ ಕಡಿಮೆಯಾಗಿದೆ. ಮೊನ್ನೆ ಪರೀಕ್ಷೆ ಮಾಡಿಸ್ದೆ. ಇನ್ಮೇಲೆ ಗಾಡಿ ಓಡಿಸಲ್ಲ" ಎಂದರು.

ಮಯೂರ್ ಶಿಲ್ಪಶ್ರೀಯನ್ನು ನೋಡಿದ, ಅಂಜನಾಳನ್ನು ನೋಡಿದ. ಇಷ್ಟು ದಿನ ತಾನು ಹೇಳಿಕೊಂಡು ಬಂದದ್ದನ್ನು ಎದುರಿನವರೇ ತಂದುಕೊಟ್ಟರೆ ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ.

"ಇದನ್ನ ನೀವು ಹೇಳೋ ಅಗತ್ಯ ಇರ್ಲಿಲ್ಲ ಅಂಕಲ್" ಎಂದ ಕೊನೆಗೆ.

"ಹೇಳ್ದೆ ಹೋದ್ರೆ ಮುಂದಿನ ಮಾತು ಹೇಳಕ್ಕಾಗಲ್ಲ. ನಾನು ಕಾಲಿಟ್ಟಿದ್ರೂ ಇಟ್ಟಿರಬಹುದು. ಆದ್ರೆ ಈ ನಾಲ್ಕು ಪ್ಯಾಡಲ್ಲಿ ಒಂದನ್ನ ಮಾತ್ರ ತಿಂದಿದ್ದು ಅದಲ್ಲ. ಅದು ನಿಮ್ಗೂ ಗೊತ್ತು. ನಮ್ಮ ಸೊಸೆ ಕಾಲು ಚೆನ್ನಾಗಿದೆ, ಅವಳು ಓಡ್ಸಿದ್ರೂ ಅದೇ ಸವೀತು. ಕ್ಯಾಲಿಪರ್ ಕೊಡ್ತೀರಿ, ಸಂತೋಷ. ಈ ಸಾಲು ತೆಗೀರಿ."

"ಸಿಸ್ಟಂನಲ್ಲಿ ಒಂದು ಸಲ ಹೋದ್ಮೇಲೆ ಡಿಲೀಟ್ ಆಗಲ್ಲ ಅಂಕಲ್."

ಪಕ್ಕದಲ್ಲಿ ನಿಂತಿದ್ದ ಶಿಲ್ಪಶ್ರೀ ಬಾಯಿಬಿಟ್ಟಳು. ಅವಳ ದನಿ ಸಣ್ಣಗಿತ್ತು.

"ಅದು ನಾನು ಹಾಕಿದ್ದು ಅಂಕಲ್. ಚಕ್ರ ನೋಡದೇನೇ ಹಾಕ್ದೆ. ಕಂಪ್ಯೂಟರಲ್ಲಿ ಕಾರಣದ ಲಿಸ್ಟ್ ಬರುತ್ತೆ, ನಾಲ್ಕೇ ಇರೋದು. ಒಂದನ್ನ ಒತ್ತಲೇಬೇಕು, ಇಲ್ದಿದ್ರೆ ಬಿಲ್ ಆಗಲ್ಲ. ಎಲ್ರಿಗೂ ಮೊದಲ್ನೇದೇ ಒತ್ತುತೀವಿ."

"ಗಾಡೀದೇ ತಪ್ಪು ಅಂತ ಒಂದು ಇಲ್ವೇನಮ್ಮ ಆ ನಾಲ್ಕರಲ್ಲಿ?"

"ಇಲ್ಲ ಅಂಕಲ್."

ಗುರುಶಾಂತಪ್ಪ ತಲೆಯಾಡಿಸಿದರು. ಬೆಳಗಿನಿಂದ ಸಂಜೆವರೆಗೆ ಬಸ್ಸಿನ ತುಂಬ ಜನರನ್ನು ಹತ್ತಿಸಿಕೊಂಡವರಿಗೆ, ಟಿಕೆಟ್ ಯಂತ್ರದಲ್ಲಿ ಇಲ್ಲದ ಸ್ಟಾಪಿನ ಕಷ್ಟ ಗೊತ್ತಿತ್ತು.

"ಡಿಲೀಟ್ ಆಗಲ್ಲ, ಆದ್ರೆ ಕೆಳಗೆ ಷರಾ ಸೇರ್ಸಬಹುದು ಸರ್" ಎಂದಳು ಶಿಲ್ಪಶ್ರೀ, ಮಯೂರ್ ಕಡೆ ತಿರುಗಿ. "ಫೋಟೋ ಇದೆ. ನಾನು ನೋಡಿದ್ದನ್ನ ನಾನು ಬರೀತೀನಿ. ನನ್ನ ಹೆಸರಲ್ಲೇ ಹಾಕ್ತೀನಿ."

ಮಯೂರ್ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. "ಕಂಪನಿ ತಪ್ಪು ಅಂತೆಲ್ಲ ಬರೀಬೇಡಿ" ಎಂದ. ಬೇಡ ಎನ್ನಲಿಲ್ಲ.

ಅವಳು ಕುಳಿತು ಟೈಪ್ ಮಾಡಿದಳು. ಪ್ರಿಂಟ್ ತೆಗೆದು ತಂದು ಅಂಜನಾಳ ಕೈಗೆ ಕೊಟ್ಟಳು. ಅಂಜನಾ ಮಾವನಿಗೆ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಓದಿ ಹೇಳಿದಳು: ಎಡ ಮುಂಚಕ್ರದ ಕ್ಯಾಲಿಪರ್ ಪಿನ್ ಜಾಮ್ ಆಗಿ ಒಳಗಿನ ಪ್ಯಾಡ್ ಮಾತ್ರ ಸವೆದಿರುತ್ತದೆ, ಇಬ್ಬರು ಚಾಲಕರು ಓಡಿಸಿದಾಗಲೂ ಹೀಗೇ ಆಗಿದೆ, ಹಿಂದೆ ನಮೂದಿಸಿದ ಕಾರಣ ಪರಿಶೀಲಿಸದೆ ಬರೆದದ್ದು.

"ಇನ್ನೊಂದ್ಸಲ ಓದು" ಎಂದರು ಗುರುಶಾಂತಪ್ಪ.

ಅವಳು ಇನ್ನೊಂದು ಸಲ ಓದಿದಳು. ಅವರು ಶಿಲ್ಪಶ್ರೀಗೆ, "ನಿನ್ನ ಕೆಲಸಕ್ಕೆ ತೊಂದ್ರೆ ಆಗಲ್ಲ ತಾನೆ ಮಗಳೆ?" ಎಂದು ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು, ಅಷ್ಟೇನೂ ಖಚಿತವಾಗಿ ಅಲ್ಲ. ಅಂಜನಾ ಸಹಿ ಹಾಕಿದಳು.

ಹೊಸ ಕ್ಯಾಲಿಪರ್ ಹಾಕಿದ ಮೇಲೆ ಗಾಡಿಯ ವಾಸನೆ ನಿಂತಿತು. ಮೂರು ತಿಂಗಳ ನಂತರ ನೋಡಿದಾಗ ನಾಲ್ಕೂ ಪ್ಯಾಡುಗಳು ಒಂದೇ ದಪ್ಪಗಿದ್ದವು. ಗಾಡಿಯನ್ನು ಈಗ ಅಂಜನಾಳೇ ಓಡಿಸುತ್ತಾಳೆ. ಮೊದಲ ವಾರ ಗುರುಶಾಂತಪ್ಪ ಮನೆಯಲ್ಲೇ ಉಳಿದರು. ಎರಡನೆಯ ವಾರ, ದಾರಿ ತೋರಿಸುವ ನೆಪದಲ್ಲಿ, ಎಡಗಡೆಯ ಸೀಟಿನಲ್ಲಿ ಬಂದು ಕುಳಿತರು.

ಒಂದು ದಿನ ಜಯನಗರ ನಾಲ್ಕನೇ ಬ್ಲಾಕಿನ ಒಂದು ಮನೆಗೆ ಮಂಚ ಒಯ್ದಿದ್ದರು. ಗುಂಡಣ್ಣ ಎಂಬ ನಿವೃತ್ತ ಮೇಷ್ಟರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಮಂಚ ಜೋಡಿಸಿ ಮುಗಿದರೂ ಅವರು ಅದರ ಮೇಲೆ ಮಲಗಲು ಒಪ್ಪಲಿಲ್ಲ. "ಇದರ ಮೇಲೆ ಮಲಗಿದೋರು ಏಳಲ್ಲ, ನಂಗೊತ್ತು" ಎಂದು ಗೋಡೆಯ ಕಡೆ ಮುಖ ಮಾಡಿಕೊಂಡಿದ್ದರು. ಸೊಸೆ, ಮಗ ಇಬ್ಬರೂ ಹೇಳಿ ಸೋತಿದ್ದರು. ಅಂಜನಾ ಏನು ಮಾಡುವುದೆಂದು ನಿಂತಿರುವಾಗ ಗುರುಶಾಂತಪ್ಪ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಕಣ್ಣಲ್ಲಿ ನೋಡಿಕೊಂಡು ಒಳಗೆ ಬಂದರು. ಯಾರನ್ನೂ ಕೇಳದೆ ಆ ಮಂಚದ ಮೇಲೆ ತಾವೇ ಮಲಗಿದರು.

"ಹನಮಂತ, ತಿರುಗ್ಸಪ್ಪ" ಎಂದರು.

ಹನಮಂತ ಹಿಡಿ ತಿರುಗಿಸಿದ. ತಲೆಯ ಭಾಗ ನಿಧಾನವಾಗಿ ಮೇಲೆದ್ದು ಗುರುಶಾಂತಪ್ಪ ಕುಳಿತಂತಾದರು.

"ಮೇಷ್ಟ್ರೇ, ಈ ಕಡೆ ನೋಡಿ. ಇಲ್ಲಿಂದ ಕಿಟಕಿ ಹೊರಗೆ ನಿಮ್ಮ ಮನೆ ಸಂಪಿಗೆ ಮರ ಪೂರ್ತಿ ಕಾಣುತ್ತೆ. ನಿಮ್ಮ ಹಳೇ ಮಂಚದ ಮೇಲಿಂದ ಗೋಡೆ ಬಿಟ್ರೆ ಏನೂ ಕಾಣ್ತಿಲ್ಲ."

ಗುಂಡಣ್ಣ ತಿರುಗಿ ನೋಡಿದರು. "ನೀವ್ಯಾರು?" ಎಂದರು.

"ಬಸ್ ಡ್ರೈವರು. ಈಗ ಕಾಲು ಮಂದ ಆಗಿ ಪಕ್ಕದ ಸೀಟಲ್ಲಿ ಕೂರ್ತೀನಿ." ಅವರು ಎದ್ದು ಹಾಸಿಗೆಯನ್ನು ಕೈಯಿಂದ ತಟ್ಟಿ ಸರಿಮಾಡಿದರು. "ಬನ್ನಿ, ನಿಧಾನಕ್ಕೆ. ನಾನು ಹಿಡ್ಕೋತೀನಿ."

ಗುಂಡಣ್ಣ ಕಿಟಕಿಯ ಕಡೆಗೊಮ್ಮೆ ನೋಡಿ ಕೈ ಚಾಚಿದರು. ಒಂದು ಕಡೆ ಮಗ, ಒಂದು ಕಡೆ ಗುರುಶಾಂತಪ್ಪ ಹಿಡಿದು, ನೋವಾಗದಂತೆ ಅವರನ್ನು ಹೊಸ ಮಂಚದ ಮೇಲೆ ಮಲಗಿಸಿದರು. ಅಂಜನಾ ದಿಂಬನ್ನು ಸರಿಯಾಗಿ ಇಟ್ಟಳು.

ಆಚೆ ರಸ್ತೆಯಲ್ಲಿ ಯಾರೋ ಗಾಡಿ ತೆಗೆಯಿರೆಂದು ಹಾರನ್ ಹೊಡೆಯುತ್ತಿದ್ದರು. ಅವಳು ಕೀಲಿ ತೆಗೆದುಕೊಂಡು ಹೊರಡುವಾಗ ಮಾವನನ್ನು ನೋಡಿದಳು.

"ನೀನು ತೆಗ್ದು ಮುಂದೆ ನಿಲ್ಸಿರಮ್ಮ" ಎಂದರು ಅವರು, ಕುರ್ಚಿಯೊಂದನ್ನು ಮಂಚದ ಪಕ್ಕಕ್ಕೆ ಎಳೆದುಕೊಳ್ಳುತ್ತಾ. "ಮೇಷ್ಟ್ರು ಏನೋ ಕೇಳ್ತಿದಾರೆ. ಹತ್ತು ನಿಮಿಷ ಕೂತು ಬರ್ತೀನಿ."